ನಂಜೇರಿದ ಕೂಸಿಗೆ ಮಣಿಪಾಲ ದೂರ: ತಾಲೂಕಿನಲ್ಲೇ ಮೊದಲ ಇಂಜೆಕ್ಷನ್ ಸಿಗುತ್ತದೆಯೇ?

ಭಟ್ಕಳ/ಹೊನ್ನಾವರ/ಕುಮಟಾ: ನಮ್ಮ ಕರಾವಳಿಯವರು ಎರಡು ಶಿರೂರುಗಳನ್ನು ಮರೆಯುವ ಹಾಗಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರ ಕಡೆಗೆ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಶಿರೂರಿನ ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. 2024ರ ಜುಲೈ 16ರಂದು ಅಂಕೋಲಾ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ದಕ್ಷಿಣಕ್ಕೆ ಮಣಿಪಾಲಕ್ಕೆ ಹೊರಟರೆ ಒಂದು ಶಿರೂರು, ಉತ್ತರಕ್ಕೆ ಕಾರವಾರಕ್ಕೆ ಹೊರಟರೆ ಇನ್ನೊಂದು. ನಡುವೆ ನಮ್ಮ ಮೂರು ತಾಲೂಕು.

ಟೋಲ್‌ಗೇಟ್ ದುರಂತದ ಬೆನ್ನಿಗೇ "ಆಸ್ಪತ್ರೆ ಇಲ್ಲದಿದ್ದರೆ ವೋಟೂ ಇಲ್ಲ" ಎಂಬ ಕೂಗು ಎದ್ದಿತ್ತು. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಅಪಘಾತ, ಹೃದಯಾಘಾತದ ಮಾತು ಬಂದಷ್ಟು ಹಸುಗೂಸುಗಳ ಮಾತು ಈ ಚರ್ಚೆಯಲ್ಲಿ ಬಂದಿಲ್ಲ. ಹುಟ್ಟಿ ತಿಂಗಳೂ ತುಂಬದ ಮಗುವಿಗೆ ರಕ್ತದಲ್ಲಿ ನಂಜು ಏರಿದರೆ, ಡಾಕ್ಟರುಗಳು ಸೆಪ್ಸಿಸ್ ಎನ್ನುತ್ತಾರಲ್ಲ ಅದು ಆದರೆ, ಕುಮಟಾದಿಂದ 140 ಕಿ.ಮೀ. ಆಚೆಗಿನ ಐಸಿಯುವಿಗಿಂತ ಮೊದಲ ಒಂದೆರಡು ಗಂಟೆಯಲ್ಲಿ ಇಲ್ಲೇ ಏನು ಸಿಕ್ಕಿತು ಎಂಬುದೇ ಹೆಚ್ಚು.

ಯಾಕಿಷ್ಟು ಅವಸರ? ನಮ್ಮೆಲ್ಲರ ಮೈಯಲ್ಲಿ ಹುಟ್ಟಿನಿಂದ ಬಂದ ಒಂದು ಕಾವಲು ಪಡೆ ಇರುತ್ತದೆ. ಚರ್ಮ, ಬಿಳಿ ರಕ್ತಕಣ, ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳು, ಎಲ್ಲ ಸೇರಿ ಯಾವ ರೋಗಾಣು ಬಂದರೂ ಮೊದಲು ಬಡಿಯುವುದು ಈ ಪಡೆಯೇ. ಹಸುಗೂಸಿನಲ್ಲೂ ಅದಿದೆ, ಆದರೆ ಎಳಸು. ರೋಗಾಣು ನುಂಗುವ ಬಿಳಿ ಕಣಗಳ ದಾಸ್ತಾನು ಕಡಿಮೆ, ಒಮ್ಮೆ ಖರ್ಚಾದರೆ ಹೊಸ ಸ್ಟಾಕ್ ಬರುವುದು ನಿಧಾನ. ಸೋಂಕು ತಗುಲಿದ ಜಾಗಕ್ಕೆ ಓಡಿ ಹೋಗುವುದರಲ್ಲೂ ಅವು ಹಿಂದೆ. ಕಾಂಪ್ಲಿಮೆಂಟ್ ಪ್ರಮಾಣವೂ ದೊಡ್ಡವರಿಗಿಂತ ಎಷ್ಟೋ ಕಡಿಮೆ. ತಾಯಿಯ ರಕ್ತದಿಂದ ಬರುವ ರಕ್ಷಣೆ ಹೆಚ್ಚಾಗಿ ದಾಟಿ ಬರುವುದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. ಹಾಗಾಗಿ ಏಳೆಂಟು ತಿಂಗಳಿಗೇ ಹುಟ್ಟಿದ ಮಗುವಿಗೆ ಅದೂ ಪೂರ್ತಿ ಸಿಕ್ಕಿರುವುದಿಲ್ಲ.

ಇದರಿಂದ ಮನೆಯವರು ಮೋಸ ಹೋಗುವ ಜಾಗ ಒಂದಿದೆ. ದೊಡ್ಡವರಿಗೆ ನಂಜಾದರೆ ಜ್ವರ ಸುಡುತ್ತದೆ, ನಡುಕ ಬರುತ್ತದೆ. ಕೂಸಿಗೆ ಎಷ್ಟೋ ಸಲ ಜ್ವರವೇ ಬರುವುದಿಲ್ಲ. ಮೈ ತಣ್ಣಗಾಗುತ್ತದೆ. ಹಾಲು ಕುಡಿಯುವುದಿಲ್ಲ, ಅಳುವುದಿಲ್ಲ, ಸುಮ್ಮನೆ ಮಲಗಿರುತ್ತದೆ. "ಪಾಪ, ಇವತ್ತು ತಂಟೆ ಇಲ್ಲ" ಅಂತ ಮನೆಯವರು ಸಮಾಧಾನಪಡುವ ಹೊತ್ತಿಗೆ ಒಳಗೆ ನಂಜು ಏರಿರುತ್ತದೆ. ಇಲ್ಲವಾದರೆ ದೃಷ್ಟಿಯಾಗಿದೆ ಎಂದು ಉಪ್ಪು-ಮೆಣಸು ನಿವಾಳಿಸಿ ಒಂದು ರಾತ್ರಿ ಕಳೆಯುತ್ತಾರೆ. ಆ ಒಂದು ರಾತ್ರಿ ಬಹಳ ದುಬಾರಿ.

ಲಕ್ಷಣಗಳನ್ನು ಗುರುತಿಸಲು ಡಾಕ್ಟರೇ ಆಗಬೇಕಿಲ್ಲ. ಮೊಲೆ ಚೀಪುವುದನ್ನು ಬಿಟ್ಟಿರುವುದು, ಉಸಿರು ನಿಮಿಷಕ್ಕೆ 60 ಅಥವಾ ಹೆಚ್ಚು, ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಹೋಗುವುದು, ಸೆಳೆತ, ಮುಟ್ಟಿ ಎಬ್ಬಿಸಿದರೆ ಮಾತ್ರ ಅಲುಗಾಡುವುದು, ಮೈ ಬಿಸಿ ಅಥವಾ ತಣ್ಣಗಿರುವುದು, ಹೊಕ್ಕುಳ ಸುತ್ತ ಕೆಂಪು ಅಥವಾ ಕೀವು. ಇದರಲ್ಲಿ ಒಂದೇ ಕಂಡರೂ ಬೆಳಗಾಗಲಿ ಎಂದು ಕಾಯುವಂತಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 97% ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ. ಆದರೆ ಎರಡು ಮೂರು ದಿನಕ್ಕೆ ಡಿಸ್ಚಾರ್ಜ್ ಆಗಿ ಬಾಣಂತಿ ತವರಿಗೆ ಹೋಗುತ್ತಾಳೆ. ಅಲ್ಲಿಂದ ಮುಂದಿನ ಕಾವಲು ಅಜ್ಜಿಯದ್ದು ಮತ್ತು ಆಶಾ ಕಾರ್ಯಕರ್ತೆಯದ್ದು. ಆಸ್ಪತ್ರೆ ಹೆರಿಗೆಯಾದರೆ 3, 7, 14, 21, 28, 42ನೇ ದಿನ ಆಶಾ ಮನೆಗೆ ಬಂದು ಮಗುವನ್ನು ನೋಡಬೇಕು. ಈ ಮಾದರಿಗೆ ದಾರಿ ತೋರಿದ್ದು ಮಹಾರಾಷ್ಟ್ರದ ಗಡಚಿರೋಲಿ. ಅಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಹಳ್ಳಿ ಹೆಂಗಸರಿಗೇ ಕೂಸಿನ ಆರೈಕೆ, ನಂಜು ಗುರುತಿಸುವುದು, ಇಂಜೆಕ್ಷನ್ ಕೊಡುವುದನ್ನು ಕಲಿಸಿದರು. ನವಜಾತ ಶಿಶುಗಳ ಸಾವು 62% ಇಳಿಯಿತು ಎಂದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಯಿತು. ಅದು ಯಾವ ಸೂಪರ್ ಸ್ಪೆಷಾಲಿಟಿಯೂ ಇಲ್ಲದ ಕಾಡು ಜಿಲ್ಲೆ. ಮನಸ್ಸು ಮಾಡಿದರೆ ಆಗುತ್ತದೆ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಕೇಂದ್ರ ಸರ್ಕಾರವೂ 2014ರಲ್ಲಿ ಎಎನ್‌ಎಂ ಸಿಸ್ಟರ್‌ಗಳಿಗೆ, ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲು ಜೆಂಟಾಮೈಸಿನ್ ಇಂಜೆಕ್ಷನ್ ಮತ್ತು ಅಮಾಕ್ಸಿಸಿಲಿನ್‌ನ ಮೊದಲ ಡೋಸ್ ಕೊಡಲು ಒಪ್ಪಿಗೆ ಕೊಟ್ಟಿದೆ. ಅಂದರೆ ಕಾಗದದ ಮೇಲೆ ಮೊದಲ ಡೋಸ್ ಉಪಕೇಂದ್ರದಲ್ಲೇ ಸಿಗಬೇಕು. ಯೋಜನೆಯ ಲೆಕ್ಕದಲ್ಲಿ ತಾಲೂಕು ಆಸ್ಪತ್ರೆಯಲ್ಲಿ ನವಜಾತ ಶಿಶು ಸ್ಥಿರೀಕರಣ ಘಟಕ, ಜಿಲ್ಲಾ ಆಸ್ಪತ್ರೆಯಲ್ಲಿ ವಿಶೇಷ ಘಟಕ. ಅನಾರೋಗ್ಯದ ಕೂಸಿಗೆ ಚಿಕಿತ್ಸೆ, ಔಷಧ, ವಾಹನ ಎಲ್ಲ ಉಚಿತ, ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ. ಎಷ್ಟೋ ಮನೆಯವರು ಇದು ಗೊತ್ತಿಲ್ಲದೆ ಖಾಸಗಿ ಗಾಡಿಗೆ ಸಾಲ ಮಾಡುತ್ತಾರೆ.

ಹಾಗಾಗಿ ತಾಲೂಕು ಪಂಚಾಯ್ತಿ ಸಭೆಯಲ್ಲಿ, ಶಾಸಕರು ಊರಿಗೆ ಬಂದಾಗ ಕೇಳಬೇಕಾದ ಪ್ರಶ್ನೆ ಸಣ್ಣವು. ರಾತ್ರಿ ಎರಡು ಗಂಟೆಗೆ ಕೂಸನ್ನು ಕೊಂಡೊಯ್ದರೆ ಘಟಕ ತೆರೆದಿರುತ್ತದೆಯೇ, ತರಬೇತಾದ ಸಿಸ್ಟರ್ ಇರುತ್ತಾರೆಯೇ? ಆಂಬುಲೆನ್ಸಿನಲ್ಲಿ ಮಗುವನ್ನು ಬೆಚ್ಚಗಿಡುವ ವ್ಯವಸ್ಥೆ ಇದೆಯೇ? ಇಲ್ಲದಿದ್ದರೂ ತಾಯಿಯ ಎದೆಗೆ ಬರಿಮೈಯಲ್ಲಿ ಒತ್ತಿ, ಮೇಲೆ ಹೊದೆಸಿ ಕೊಂಡೊಯ್ಯುವುದು ದುಡ್ಡಿಲ್ಲದ ಉಪಾಯ. ಮಳೆಗಾಲದ ರಾತ್ರಿ ಒದ್ದೆ ಬಟ್ಟೆಯಲ್ಲಿ ಮಣಿಪಾಲ ತಲುಪಿದ ಕೂಸು ದಾರಿಯಲ್ಲೇ ಅರ್ಧ ಸೋತಿರುತ್ತದೆ.

ಅಂಗಡಿಯವರಿಗೂ ಇಲ್ಲೊಂದು ಮಾತಿದೆ. ಕೂಸಿನ ಕೆಮ್ಮಿಗೆಂದು ಚೀಟಿ ಇಲ್ಲದೆ ಆಂಟಿಬಯೋಟಿಕ್ ಡ್ರಾಪ್ಸ್ ಕೊಡುವ ಮೆಡಿಕಲ್ ಶಾಪ್‌ಗಳು ಎಲ್ಲ ಪೇಟೆಯಲ್ಲೂ ಇವೆ. ದಿಲ್ಲಿಯ ಮೂರು ಆಸ್ಪತ್ರೆಗಳಲ್ಲಿ 13,530 ಕೂಸುಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಂಜಿಗೆ ಕಾರಣವಾದ ಅಸಿನೆಟೋಬ್ಯಾಕ್ಟರ್ ರೋಗಾಣುಗಳಲ್ಲಿ 82% ಹಲವು ಔಷಧಗಳಿಗೆ ಬಗ್ಗದವಾಗಿದ್ದವು. ಅದು ದೊಡ್ಡ ಆಸ್ಪತ್ರೆಗಳ ಕಥೆ ನಿಜ, ಆದರೆ ಮದ್ದಿಗೆ ಬಗ್ಗದ ರೋಗಾಣು ಬೆಳೆಯಲು ಪೇಟೆಯ ಅರ್ಧಂಬರ್ಧ ಡೋಸೂ ಗೊಬ್ಬರವೇ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಹುಟ್ಟಿದ ಮಗುವಿನ ಮೈಮೇಲಿನ ಬಿಳಿ ಬೆಣ್ಣೆಯಂಥ ಲೇಪ ಕೊಳೆಯಲ್ಲ, ಅದರಲ್ಲಿ ರೋಗಾಣು ಕೊಲ್ಲುವ ಗುಣವಿದೆ. ಅದಕ್ಕೇ ಮೊದಲ 24 ಗಂಟೆ ಸ್ನಾನ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಗು ಮೀಸುವ ಅಜ್ಜಿಯಂದಿರು ಸೋಪು ಹಾಕಿ ಕೈ ತೊಳೆಯಲಿ, ಹೊಕ್ಕುಳಬಳ್ಳಿಗೆ ಎಣ್ಣೆ, ಅರಿಶಿನ, ಬೂದಿ ಹಚ್ಚದೆ ಒಣಗಲು ಬಿಡಲಿ. ಜೇನು, ಬಜೆ ನೆಕ್ಕಿಸುವ ಬದಲು ತಾಯಿಯ ಮೊದಲ ಹಳದಿ ಹಾಲು ಕುಡಿಸಲಿ. ಎಳಸು ಕಾವಲು ಪಡೆಗೆ ಹೊರಗಿನಿಂದ ಬರುವ ಕುಮ್ಮಕ್ಕು ಅದೇ. ಆಶಾ ಬಾಗಿಲಿಗೆ ಬಂದಾಗ "ಮಗು ಮಲಗಿದೆ, ನಾಳೆ ಬನ್ನಿ" ಎಂದು ಕಳಿಸಬೇಡಿ. ಮಲಗಿರುವ ಮಗುವನ್ನೇ ಅವರು ನೋಡಬೇಕಿರುವುದು.