ಮೂಗಿನ ಪರೀಕ್ಷೆ ಬಿಡಿ, ಕಳೆದ ದಿನ ಎಣಿಸಿ



ಹೈದರಾಬಾದಿನ ಕೋಠಿಯಲ್ಲಿ ಔಷಧದ ಅಂಗಡಿಯ ಕೌಂಟರ್ ಹಿಂದೆ ನಿಂತು ನನಗೆ ಇಪ್ಪತ್ತು ವರ್ಷ ದಾಟಿದೆ. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ದುಡಿಯಲು ಬಂದವರಿಗೆ ನಾನು ಕನ್ನಡದವನು ಎಂದು ಗೊತ್ತಾದರೆ ಸಾಕು, ಗುಳಿಗೆ ಕೇಳುತ್ತಲೇ ಮನೆಯ ಸಂಗತಿಯನ್ನೂ ಹೇಳಿಬಿಡುತ್ತಾರೆ. ಅಂಥ ಒಂದು ಸಂಗತಿಯನ್ನು, ಗುರುತು ಸಿಗದಂತೆ ಬದಲಿಸಿ, ನಿಮ್ಮ ಮುಂದೆ ಇಡುತ್ತಿದ್ದೇನೆ.

ಶ್ರಾವಣದ ಒಂದು ಸಂಜೆ ಒಬ್ಬ ತಾಯಿ ಬಂದರು. "ಅಣ್ಣಾ, ಮೂಗಿಗಿ ಹಾಕೋ ಡ್ರಾಪ್ಸ್ ಕೊಡ್ರಿ. ನಮ್ಮ ಹುಡುಗಗ ಮನ್ಯಾಗ ಗ್ಯಾಸ್ ವಾಸನಿ ಬರ್ತದಂತ. ನಮಗ್ಯಾರಿಗೂ ಬರಲ್ರಿ."

"ಎಷ್ಟು ದಿನಾತವ್ವಾ?"

"ದೀಪಾವಳಿ ಮುಂದ ಸುರು ಆಗ್ಯಾದ್ರಿ."

ಅಂದರೆ ಒಂಬತ್ತು ತಿಂಗಳು. ಹುಡುಗನಿಗೆ ಹತ್ತೊಂಬತ್ತು. ಕಾಲೇಜು ಬಿಟ್ಟಿದ್ದ. ರಾತ್ರಿಯೆಲ್ಲ ಕಿಟಕಿ ತೆಗೆದು ಕೂರುತ್ತಿದ್ದ. ತಂಗಿ ಮಾಡಿದ ಅಡುಗೆ ಮುಟ್ಟುತ್ತಿರಲಿಲ್ಲ, ಅದರಲ್ಲೂ ಏನೋ ವಾಸನೆ ಎನ್ನುತ್ತಿದ್ದ. ಒಬ್ಬನೇ ಕೂತು ಮಾತಾಡುತ್ತಿದ್ದ. ಈ ಒಂಬತ್ತು ತಿಂಗಳಲ್ಲಿ ಮನೆಯವರು ಸಿಲಿಂಡರ್ ಬದಲಿಸಿದ್ದರು, ಬಾಡಿಗೆ ಮನೆ ಬದಲಿಸಿದ್ದರು, ಊರಿಗೆ ಕರೆದೊಯ್ದು ತಾಯಿತ ಕಟ್ಟಿಸಿದ್ದರು, ಮೂಗಿನ ಡಾಕ್ಟರಿಗೂ ತೋರಿಸಿದ್ದರು. ಮೂಗು ಸರಿಯಾಗಿಯೇ ಇತ್ತು. ಮಾನಸಿಕ ವೈದ್ಯರಿಗೆ ತೋರಿಸಿ ಎಂದೆ. ಅವರ ಮುಖ ಕಪ್ಪಿಟ್ಟಿತು. "ಹುಚ್ಚರ ದವಾಖಾನಿಗೇನ್ರಿ? ಇನ್ನ ಮಗಳ ಲಗ್ನ ಆಗಬೇಕು" ಎಂದು ಹೊರಟೇಬಿಟ್ಟರು.

ಆ ತಾಯಿ ತಪ್ಪು ಮಾಡಿದರು ಎಂದು ನಾನು ಹೇಳುವುದಿಲ್ಲ. ಆದರೆ ಆ ಒಂಬತ್ತು ತಿಂಗಳ ಬಗ್ಗೆ ನಿಮ್ಮ ಹತ್ತಿರ ಮಾತಾಡಲೇಬೇಕಿದೆ.

*ಇದು ಯಾವ ಕಾಯಿಲೆ?*

ವೈದ್ಯರು ಇದನ್ನು ಸೈಕೋಸಿಸ್ ಎನ್ನುತ್ತಾರೆ. ಇಲ್ಲದ ದನಿ ಕೇಳಿಸುವುದು, ಯಾರೋ ಕೇಡು ಮಾಡುತ್ತಿದ್ದಾರೆಂಬ ಗಟ್ಟಿ ಸಂಶಯ, ಮಾತಿನ ಎಳೆ ತಪ್ಪುವುದು, ಕೆಲವರಿಗೆ ಇಲ್ಲದ ವಾಸನೆ ಬರುವುದು ಇದರ ಲಕ್ಷಣ. ಹದಿಹರೆಯದ ಕೊನೆಯಿಂದ ಮೂವತ್ತರೊಳಗೆ ಶುರುವಾಗುವುದು ಹೆಚ್ಚು. ಸ್ಕಿಜೋಫ್ರೀನಿಯಾ ಇದರಲ್ಲಿ ಒಂದು ಬಗೆ.

ವಾಸನೆಗೂ ಇದಕ್ಕೂ ಏನು ನಂಟು? ಕಣ್ಣು, ಕಿವಿಯ ಸುದ್ದಿ ಮೆದುಳಿನೊಳಗಿನ ಥಲಾಮಸ್ ಎಂಬ ಜಂಕ್ಷನ್ ದಾಟಿ ಹೋಗುತ್ತದೆ. ವಾಸನೆಯ ಸುದ್ದಿ ಮಾತ್ರ ಅಲ್ಲಿ ನಿಲ್ಲದೆ ಭಾವನೆ ಮತ್ತು ನೆನಪಿನ ಜಾಗಗಳಿಗೆ ನೇರವಾಗಿ ತಲುಪುತ್ತದೆ. ಸ್ಕಿಜೋಫ್ರೀನಿಯಾದಲ್ಲಿ ಏರುಪೇರಾಗುವ ಮೆದುಳಿನ ಭಾಗಗಳಲ್ಲಿ ಇವೂ ಸೇರಿವೆ. ಹಾಗಾಗಿ ಸಂಶೋಧಕರು ಮೂಗಿನ ಕಡೆ ನೋಡಿದರು.

1984ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಡೋಟಿ ಮತ್ತು ಸಂಗಡಿಗರು 40 ವಾಸನೆಗಳ ಒಂದು ಪರೀಕ್ಷೆ ಪ್ರಕಟಿಸಿದರು. ಕಾಗದದ ಮೇಲಿನ ಪಟ್ಟಿಯನ್ನು ಕೆರೆದು ಮೂಸಿ, ಇದು ಯಾವ ವಾಸನೆ ಎಂದು ಗುರುತಿಸಬೇಕು. ಮೊದಲ ಸಲ ಸೈಕೋಸಿಸ್ ಬಂದವರು, ಇನ್ನೂ ಒಂದು ಗುಳಿಗೆಯನ್ನೂ ನುಂಗದವರು ಕೂಡ ಇದರಲ್ಲಿ ಸರಾಸರಿಯಾಗಿ ಕಡಿಮೆ ಅಂಕ ಪಡೆದರು ಎಂದು ಮೆಲ್ಬರ್ನ್‌ನ ಸಂಶೋಧಕರು 2001ರಲ್ಲಿ ತೋರಿಸಿದರು. ಕೆನಡಾದ ಹ್ಯಾಲಿಫ್ಯಾಕ್ಸ್‌ನ ತಂಡ 2006ರಲ್ಲಿ ಇನ್ನೊಂದು ಮಾತು ಹೇಳಿತು: ಶುರುವಿನಲ್ಲೇ ವಾಸನೆ ಗುರುತಿಸಲಾಗದವರಲ್ಲಿ ಮಂಕುತನ, ಉತ್ಸಾಹವಿಲ್ಲದಿರುವುದು, ಯೋಚನೆಯ ತೊಡಕು ಚಿಕಿತ್ಸೆಯ ನಂತರವೂ ಉಳಿಯುವ ಸಂಭವ ಇರಬಹುದು.

*ಹಾಗಾದರೆ ಮನೆಯಲ್ಲೇ ಪರೀಕ್ಷೆ ಮಾಡಬಹುದೇ?*

ಬೇಡ. ಇಂಥ ಸಂಶೋಧನೆ ನಮ್ಮ ಮೊಬೈಲಿಗೆ ಬರುವಷ್ಟರಲ್ಲಿ "ಮಗುವಿಗೆ ಕಾಫಿಪುಡಿ ಮೂಸಿಸಿ ನೋಡಿ, ಗೊತ್ತಾಗದಿದ್ದರೆ ಹುಷಾರ್" ಎಂಬ ಮೆಸೇಜ್ ಆಗಿಬಿಡುತ್ತದೆ. ದಯವಿಟ್ಟು ಅದನ್ನು ಮುಂದಕ್ಕೆ ಕಳಿಸಬೇಡಿ. ನೆಗಡಿ, ಸೈನಸ್, ಸಿಗರೇಟು, ಕೊರೊನಾ, ವಯಸ್ಸು, ಪಾರ್ಕಿನ್ಸನ್ ಎಲ್ಲದರಲ್ಲೂ ವಾಸನೆ ಕುಗ್ಗುತ್ತದೆ. ಆ 40 ವಾಸನೆಗಳಲ್ಲಿ ಪಿಜ್ಜಾ, ರೂಟ್ ಬಿಯರ್, ಸ್ಕಂಕ್ ಎಂಬ ಪ್ರಾಣಿಯ ನಾತ ಎಲ್ಲ ಇವೆ. ಜೋಳದ ರೊಟ್ಟಿ ಉಂಡು ಬೆಳೆದ ನಮಗೆ ಅವು ಗೊತ್ತಾಗದಿದ್ದರೆ ಅದು ರೋಗವೇ? ಸಂಶೋಧನೆ ಹೇಳುವುದು ಗುಂಪಿನ ಸರಾಸರಿಯನ್ನು. ನಿಮ್ಮ ಮಗನ ಬಗ್ಗೆ ಅದು ತೀರ್ಪು ಕೊಡುವುದಿಲ್ಲ. ಮೂಗಿನ ಪರೀಕ್ಷೆಯಿಂದ ಸೈಕೋಸಿಸ್ ಪತ್ತೆಮಾಡುವ ಪದ್ಧತಿ ಆಸ್ಪತ್ರೆಗಳಲ್ಲೂ ಇಲ್ಲ.

ಈ ಸಂಶೋಧನೆಯಿಂದ ನಾವು ಕಲಿಯಬೇಕಾದ್ದು ಬೇರೆ. ಮಾತ್ರೆ ಮುಟ್ಟುವ ಮೊದಲೇ ವಾಸನೆ ಗುರುತಿಸುವ ಶಕ್ತಿಯಲ್ಲಿ ವ್ಯತ್ಯಾಸ ಕಾಣುತ್ತದೆ ಎಂದರೆ ಮೆದುಳಿನಲ್ಲಿ ಏನೋ ನಡೆದಿದೆ ಎಂದರ್ಥ. ಗಾಳಿ ಸೋಕಿಲ್ಲ, ಯಾರೂ ಮಾಟ ಮಾಡಿಲ್ಲ. ತಾಯಿ ಸಾಕಿದ ರೀತಿಯ ತಪ್ಪೂ ಅಲ್ಲ. ಹುಡುಗ ನಾಟಕ ಮಾಡುತ್ತಿಲ್ಲ, ಅವನಿಗೆ ಆ ವಾಸನೆ ನಿಜವಾಗಿಯೂ ಬರುತ್ತಿದೆ.

*ಎಣಿಸಬೇಕಾದ್ದು ದಿನಗಳನ್ನು*

ಲಕ್ಷಣ ಶುರುವಾದ ದಿನದಿಂದ ಸರಿಯಾದ ಚಿಕಿತ್ಸೆ ಸಿಗುವ ದಿನದವರೆಗಿನ ಕಾಲವನ್ನು ವೈದ್ಯರು ಲೆಕ್ಕ ಹಾಕುತ್ತಾರೆ. ಅದು ಉದ್ದವಾದಷ್ಟೂ ಚೇತರಿಕೆ ಕಷ್ಟ. ಅಮೆರಿಕದ ರೈಸ್ ಎಂಬ ದೊಡ್ಡ ಅಧ್ಯಯನದಲ್ಲಿ 404 ಮಂದಿ ಇದ್ದರು. ಅವರಲ್ಲಿ ಅರ್ಧದಷ್ಟು ಜನ 74 ವಾರಕ್ಕೂ ಹೆಚ್ಚು ಕಾಲ ಚಿಕಿತ್ಸೆಯಿಲ್ಲದೆ ಕಳೆದಿದ್ದರು. ಔಷಧ, ಸಮಾಲೋಚನೆ, ಮನೆಯವರಿಗೆ ತಿಳಿವಳಿಕೆ, ಓದು ಅಥವಾ ಕೆಲಸಕ್ಕೆ ಮರಳಲು ನೆರವು ಇವೆಲ್ಲ ಸೇರಿದ ಚಿಕಿತ್ಸೆಯಿಂದ ಹೆಚ್ಚು ಲಾಭ ಆದದ್ದು ಬೇಗ ಬಂದವರಿಗೆ ಎಂದು 2015ರಲ್ಲಿ ಫಲಿತಾಂಶ ಹೊರಬಂತು. ಅಷ್ಟೆಲ್ಲ ಸೌಲಭ್ಯವಿರುವ ದೇಶದಲ್ಲೂ ಒಂದೂವರೆ ವರ್ಷ ಹೀಗೆ ಕಳೆದುಹೋಗುತ್ತದೆ.

ತಡವಾಗಿದ್ದರೆ ಕೈಚೆಲ್ಲಬೇಕೇ? ಇಲ್ಲ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು ವರ್ಷಗಟ್ಟಲೆ ಹಳ್ಳಿ ಹಳ್ಳಿಯ ಸ್ಕಿಜೋಫ್ರೀನಿಯಾ ರೋಗಿಗಳನ್ನು ಗುರುತಿಸಿ ಸ್ಥಳದಲ್ಲೇ ಚಿಕಿತ್ಸೆ ಕೊಟ್ಟಿದ್ದಾರೆ. ಮಾತ್ರೆ ಮುಂದುವರಿಸಿದವರ ದಿನನಿತ್ಯದ ಬದುಕು ಸುಧಾರಿಸಿದ್ದನ್ನು ದಾಖಲಿಸಿದ್ದಾರೆ. ಇನ್ನೊಂದು ಸಮಾಧಾನದ ಸಂಗತಿಯೂ ಇದೆ. ಚೆನ್ನೈನ ಸ್ಕಾರ್ಫ್ ಸಂಸ್ಥೆ ಮತ್ತು ಕೆನಡಾದ ಮಾಂಟ್ರಿಯಲ್‌ನ ವೈದ್ಯರು ಮೊದಲ ಸಲ ಕಾಯಿಲೆ ಬಂದವರನ್ನು ಹೋಲಿಸಿ ನೋಡಿದಾಗ, ಮಂಕುತನದಂಥ ಲಕ್ಷಣಗಳಲ್ಲಿ ಚೆನ್ನೈನವರ ಚೇತರಿಕೆಯೇ ಚೆನ್ನಾಗಿತ್ತು. ಅಲ್ಲಿ ಮನೆಯವರ ಒತ್ತಾಸೆಯೂ ಹೆಚ್ಚಿತ್ತು. ಅಂದರೆ ನಮ್ಮ ಕುಟುಂಬವೇ ನಮ್ಮ ಬಲ. ಆ ಬಲವನ್ನೆಲ್ಲ ಕಾಯಿಲೆ ಮುಚ್ಚಿಡಲು ಸುರಿಯುತ್ತೇವಲ್ಲ, ನನ್ನ ಸಂಕಟ ಅದು.

*"ಆದರೆ ಜನ ಏನಂತಾರೆ?"*

ಈ ಭಯ ಸುಳ್ಳಲ್ಲ. ಹೈದರಾಬಾದಿನಲ್ಲಿ ಎರ್ರಗಡ್ಡ ಎಂಬ ಊರಿನ ಹೆಸರೇ ಬೈಗುಳವಾಗಿದೆ, ಅಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ ಎಂಬ ಒಂದೇ ಕಾರಣಕ್ಕೆ. ಆದರೆ ಯೋಚಿಸಿ. ಮೂರು ತಿಂಗಳಲ್ಲಿ ಔಷಧ ಶುರುವಾಗಿ ಕೆಲಸಕ್ಕೆ ಹೋಗುತ್ತಿರುವ ಅಣ್ಣ ಇರುವುದು ತಂಗಿಯ ಮದುವೆಗೆ ಅಡ್ಡಿಯೋ, ಮೂರು ವರ್ಷ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿರುವ ಅಣ್ಣ ಇರುವುದೋ? 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ರೋಗಿಯ ವಿವರ ಗುಟ್ಟಾಗಿರಬೇಕು. ಸರಪಳಿಯಲ್ಲಿ ಕಟ್ಟಿಹಾಕುವುದನ್ನು ಆ ಕಾಯ್ದೆ ನಿಷೇಧಿಸಿದೆ.

"ಹರೆಯದ ಹುಡುಗರು ಮಂಕಾಗಿರುವುದು ಸಹಜ, ಎಲ್ಲದಕ್ಕೂ ರೋಗದ ಹೆಸರೇ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹೆಚ್ಚಿನ ಮಕ್ಕಳ ಸಿಟ್ಟು, ಮೌನ ಸೈಕೋಸಿಸ್ ಅಲ್ಲ. ಇಲ್ಲದ ವಾಸನೆ ಬಂದರೂ ಕೆಲವೊಮ್ಮೆ ಅದು ಫಿಟ್ಸ್ ಅಥವಾ ಮೈಗ್ರೇನ್ ಇರಬಹುದು. ಅದನ್ನು ಬೇರ್ಪಡಿಸಿ ಹೇಳುವುದು ವೈದ್ಯರ ಕೆಲಸ. ಒಂದು ಸಲ ತೋರಿಸಿ ಬಂದರೆ ಯಾರೂ ಹಣೆಗೆ ಪಟ್ಟಿ ಅಂಟಿಸುವುದಿಲ್ಲ.

*ನೀವು ಮಾಡಬಹುದಾದ್ದು*

1. ಬದಲಾವಣೆ ಎಂದು ಶುರುವಾಯಿತು ಎಂಬುದನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ನಿದ್ದೆ ಕೆಟ್ಟಿದ್ದು, ಸ್ನಾನ ಬಿಟ್ಟಿದ್ದು, ಗೆಳೆಯರಿಂದ ದೂರವಾದದ್ದು, ಸಂಶಯದ ಮಾತು, ಗಾಂಜಾ ಸೇವನೆ ಇದ್ದರೆ ಅದೂ.

2. "ಅಂಥ ವಾಸನೆ ಇಲ್ಲ, ಸುಮ್ಮನಿರು" ಎಂದು ಜಗಳ ಮಾಡಬೇಡಿ. "ನನಗೆ ಬರುತ್ತಿಲ್ಲ, ಆದರೆ ನಿನಗೆ ಎಷ್ಟು ತ್ರಾಸಾಗುತ್ತಿದೆ ಅಂತ ಗೊತ್ತು" ಎನ್ನಿ.

3. ಟೆಲಿ ಮಾನಸ್ ಸಂಖ್ಯೆ *14416*. 2022ರಿಂದ ಇದೆ, ಉಚಿತ, ಹಗಲೂ ರಾತ್ರಿ. ಕನ್ನಡದಲ್ಲೇ ಮಾತಾಡಬಹುದು. ಮನಸ್ಸಿನ ನೋವನ್ನು ಅರ್ಧಂಬರ್ಧ ತೆಲುಗು, ಹಿಂದಿಯಲ್ಲಿ ಹೇಳಲು ಪರದಾಡುವ ನಮ್ಮಂಥವರಿಗೆ ಇದು ದೊಡ್ಡ ಆಸರೆ.

4. ಸಾಯುವ ಮಾತಾಡಿದರೆ, ಇನ್ನೊಬ್ಬರಿಗೆ ಅಪಾಯ ಮಾಡುವಂತಿದ್ದರೆ, ಊಟ ನೀರು ಬಿಟ್ಟರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

5. ಜಾತ್ರೆಗೋ ಸುಗ್ಗಿಗೋ ಊರಿಗೆ ಹೊರಟರೆ ಮಾತ್ರೆ ಮುಗಿಯದಂತೆ ನೋಡಿಕೊಳ್ಳಿ. ಚೀಟಿಯ ಫೋಟೋ ಮೊಬೈಲಿನಲ್ಲಿರಲಿ. ಆರಾಮಾಯಿತು ಎಂದು ನೀವೇ ನಿಲ್ಲಿಸಬೇಡಿ. ಮೈ ದಪ್ಪವಾಗುವುದು, ನಿದ್ದೆಗಣ್ಣು ಮುಂತಾದ ತೊಂದರೆ ಇದ್ದರೆ ವೈದ್ಯರಿಗೆ ಹೇಳಿ, ಬೇರೆ ಔಷಧವೂ ಇವೆ.

6. ಹರಕೆ ಇದ್ದರೆ ತೀರಿಸಿ, ಬೇಡ ಎನ್ನುವುದಿಲ್ಲ. ಆದರೆ ದೇವರಿಗೆ ಹೋಗುವ ವಾರದಲ್ಲೇ ಡಾಕ್ಟರಿಗೂ ತೋರಿಸಿ.

ಆ ತಾಯಿ ಎರಡು ವಾರದ ನಂತರ ಮತ್ತೆ ಬಂದರು, ಕೈಯಲ್ಲಿ ಮಾನಸಿಕ ವೈದ್ಯರ ಚೀಟಿ ಹಿಡಿದು. ಹುಡುಗ ಈಗ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಡಿಗ್ರಿ ಮುಗಿಸಲಾಗಲಿಲ್ಲ. ಗ್ಯಾಸ್ ವಾಸನೆ ನಿಂತಿದೆ, ತಂಗಿ ಮಾಡಿದ್ದನ್ನು ಉಣ್ಣುತ್ತಾನೆ. ಪ್ರತಿ ತಿಂಗಳು ಗುಳಿಗೆ ಒಯ್ಯಲು ಬರುವ ಆ ತಾಯಿ ಒಂದು ಸಲ ಕೇಳಿದರು, "ಮೊದಲೇ ಬಂದಿದ್ರ ಕಾಲೇಜು ಉಳೀತಿತ್ತೇನ್ರಿ ಅಣ್ಣಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಪ್ರಶ್ನೆ ನಿಮ್ಮ ಮನೆಯಲ್ಲಿ ಯಾರೂ ಕೇಳುವಂತಾಗದಿರಲಿ ಎಂದೇ ಇದನ್ನು ಬರೆದೆ. ನಿಮ್ಮ ಗುಂಪಿನಲ್ಲಿ ಕಾಲೇಜು ಓದುವ ಮಕ್ಕಳಿರುವ ಮನೆಗಳಿಗೆ ಇದನ್ನು ಕಳಿಸಿ. ಆರೋಗ್ಯವಾಗಿರಿ.