ಈಜುಕೊಳದ ಚಿನ್ನವೂ ನಮ್ಮ ಮನೆಯ ಮಕ್ಕಳೂ

2025ರ ಜುಲೈ ಕೊನೆಯಲ್ಲಿ ಸಿಂಗಪುರದಲ್ಲಿ ವಿಶ್ವ ಈಜು ಚಾಂಪಿಯನ್‌ಷಿಪ್ ಶುರುವಾದಾಗ, ಆಸ್ಟ್ರೇಲಿಯಾದಲ್ಲಿರುವ ನಮ್ಮ ಅನೇಕ ಕನ್ನಡ ಮನೆಗಳಲ್ಲಿ ಕ್ರಿಕೆಟ್ ಮಾತು ಕೆಲವು ದಿನ ಹಿಂದೆ ಸರಿಯಿತು. ಊಟ ಮುಗಿಸಿ ಎಲ್ಲರೂ ಟಿ.ವಿ. ಮುಂದೆ! ಮೊದಲ ರಾತ್ರಿಯೇ 4x100 ಮೀಟರ್ ಫ್ರೀಸ್ಟೈಲ್ ರಿಲೇಯಲ್ಲಿ ಮಹಿಳೆಯರಿಗೂ ಪುರುಷರಿಗೂ ಚಿನ್ನ. ಮುಂದೆ ಕೇಲೀ ಮೆಕ್‌ಕಿಯೋನ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಎರಡು ಚಿನ್ನ ಗೆದ್ದರು. ಮಾಲಿ ಓ'ಕ್ಯಾಲಹನ್ 200 ಮೀಟರ್ ಫ್ರೀಸ್ಟೈಲ್ ಗೆದ್ದರೆ, 50 ಮೀಟರ್‌ನಲ್ಲಿ ಕ್ಯಾಮರನ್ ಮೆಕ್‌ಎವಾಯ್ ಮತ್ತು ಮೆಗ್ ಹ್ಯಾರಿಸ್ ಗೆದ್ದರು. ಕೊನೆಗೆ ಆಸ್ಟ್ರೇಲಿಯಾಕ್ಕೆ 8 ಚಿನ್ನ, ಅಮೆರಿಕಕ್ಕೆ 9.

ಇಲ್ಲಿಂದ ಶುರುವಾಗುತ್ತದೆ ಲೆಕ್ಕದ ಜಗಳ. 2023ರ ಫುಕುವೋಕಾ ಕೂಟದಲ್ಲಿ ಆಸ್ಟ್ರೇಲಿಯಾ 13 ಚಿನ್ನ ಗೆದ್ದಿತ್ತು, ಅಮೆರಿಕ 7. ಆದರೆ ಒಟ್ಟು ಪದಕ ಎಣಿಸಿದರೆ ಅಮೆರಿಕಕ್ಕೆ 38, ಆಸ್ಟ್ರೇಲಿಯಾಕ್ಕೆ 25. ಒಬ್ಬರು ಚಿನ್ನ ಎಣಿಸುತ್ತಾರೆ, ಇನ್ನೊಬ್ಬರು ಒಟ್ಟು ಎಣಿಸುತ್ತಾರೆ; ನಮ್ಮೂರಿನ ಚುನಾವಣಾ ಫಲಿತಾಂಶದ ಹಾಗೆ ಇಬ್ಬರೂ ಗೆದ್ದವರೇ! 2024ರ ಪ್ಯಾರಿಸ್ ಒಲಿಂಪಿಕ್ಸ್ ಕೊಳದಲ್ಲಿ ಅಮೆರಿಕ 8, ಆಸ್ಟ್ರೇಲಿಯಾ 7 ಚಿನ್ನ ಗೆದ್ದವು. ಈ ಜಗಳಕ್ಕಿಂತ ನಮಗೆ ಮುಖ್ಯವಾಗಿ ಕಾಣುವುದು ಬೇರೆ. ಸುಮಾರು 34 ಕೋಟಿ ಜನರಿರುವ ದೇಶಕ್ಕೆ, ಕರ್ನಾಟಕದ ಅರ್ಧದಷ್ಟೂ ಜನರಿಲ್ಲದ ದೇಶವೊಂದು ಸರಿಸಾಟಿಯಾಗಿ ನಿಲ್ಲುವುದು ಹೇಗೆ?

ಇದು ಸುಮ್ಮನೆ ಬಂದದ್ದಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಯಾವ ಕ್ರೀಡೆಯಲ್ಲೂ ಒಂದೇ ಒಂದು ಚಿನ್ನ ಬರಲಿಲ್ಲ. ಈಜಿನಲ್ಲಿ ಬಂದದ್ದು ಒಂದು ಕಂಚು ಮಾತ್ರ. ಆ ಅವಮಾನದಿಂದ ಎಚ್ಚೆತ್ತು 1981ರಲ್ಲಿ ಕ್ಯಾನ್‌ಬೆರಾದಲ್ಲಿ ಆಸ್ಟ್ರೇಲಿಯನ್ ಕ್ರೀಡಾ ಸಂಸ್ಥೆ ತೆರೆದರು. 2012ರ ಲಂಡನ್‌ನಲ್ಲಿ ಮತ್ತೆ ಪೆಟ್ಟು: ಈಜಿನಲ್ಲಿ ಒಂದೇ ಚಿನ್ನ, ಅದೂ ರಿಲೇಯಲ್ಲಿ. ಆಗ ತಂಡದ ಶಿಸ್ತು, ನಡವಳಿಕೆಗಳ ಬಗ್ಗೆಯೇ ವಿಚಾರಣೆ ನಡೆಸಿ, ತಪ್ಪುಗಳನ್ನು ಬಹಿರಂಗವಾಗಿ ಒಪ್ಪಿಕೊಂಡರು. ಸೋತಾಗ ಕೂತು ಲೆಕ್ಕ ಹಾಕುವ ಈ ಗುಣ ಮೆಚ್ಚತಕ್ಕದ್ದು.

ಅದಕ್ಕಿಂತ ದೊಡ್ಡ ಕಾರಣ ಬಡಾವಣೆಯ ಈಜುಕೊಳ. ಶಾಲೆಯ ಸ್ವಿಮ್ಮಿಂಗ್ ಕಾರ್ನಿವಲ್, ಬೆಳಗಿನ ಜಾವ ಮಕ್ಕಳನ್ನು ಕೊಳಕ್ಕೆ ಕರೆದೊಯ್ಯುವ ತಂದೆತಾಯಂದಿರು, ಊರೂರಿನ ಕ್ಲಬ್ಬುಗಳು... ಲಕ್ಷಾಂತರ ಮಕ್ಕಳು ನೀರಿಗಿಳಿದರೆ ಅವರಲ್ಲೊಬ್ಬಳು ಮೆಕ್‌ಕಿಯೋನ್ ಆಗುತ್ತಾಳೆ.

ಕನ್ನಡ ನಾಡಿಗೂ ಈಜಿನ ನಂಟಿದೆ. ಬೆಂಗಳೂರಿನ ನಿಶಾ ಮಿಲೆಟ್ 2000ದಲ್ಲಿ ಇದೇ ಸಿಡ್ನಿಯ ಒಲಿಂಪಿಕ್ಸ್‌ನಲ್ಲಿ ಈಜಿದ್ದರು. ಪ್ಯಾರಿಸ್‌ನಲ್ಲಿ ಭಾರತದ ಪರ ಕೊಳಕ್ಕಿಳಿದ ಇಬ್ಬರೂ, ಶ್ರೀಹರಿ ನಟರಾಜ್ ಮತ್ತು 14 ವರ್ಷದ ಧಿನಿಧಿ ದೇಸಿಂಗು, ಬೆಂಗಳೂರಿನವರೇ. ನಮ್ಮಲ್ಲಿ ಹಲವರ ಹಿರಿಯರು ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವರು. ಆದರೆ ಬಾವಿ ಬಿಟ್ಟು ನಗರಕ್ಕೆ ಬಂದ ನಮ್ಮ ತಲೆಮಾರಿಗೆ ಆ ಕಲೆ ಕೈತಪ್ಪಿತು. ಟಿ.ವಿ. ಮುಂದೆ ಚಪ್ಪಾಳೆ ತಟ್ಟುವ ನಮ್ಮಲ್ಲಿ ಎಷ್ಟು ಜನ ಕೊಳದ ಒಂದು ಉದ್ದ ಈಜಬಲ್ಲೆವು?

ಇದು ತಮಾಷೆಯ ಪ್ರಶ್ನೆಯಲ್ಲ. ಪ್ರತಿ ಬೇಸಿಗೆಯಲ್ಲೂ ಇಲ್ಲಿನ ಕಡಲತೀರಗಳಲ್ಲಿ, ನದಿಗಳಲ್ಲಿ ಮುಳುಗಿ ಸತ್ತವರ ಸುದ್ದಿ ಬರುತ್ತದೆ. ಅವರಲ್ಲಿ ಭಾರತದಿಂದ ಬಂದ ವಿದ್ಯಾರ್ಥಿಗಳು, ಎಳೆಯ ಸಂಸಾರಸ್ಥರು, ಮಕ್ಕಳನ್ನು ನೋಡಲು ಬಂದ ಅಪ್ಪ-ಅಮ್ಮಂದಿರೂ ಇರುತ್ತಾರೆ. 12 ವರ್ಷದ ಮಗು 50 ಮೀಟರ್ ಈಜಿ, ಎರಡು ನಿಮಿಷ ನೀರಿನಲ್ಲಿ ತೇಲಬೇಕು ಎಂಬುದು ರಾಯಲ್ ಲೈಫ್ ಸೇವಿಂಗ್ ಸಂಸ್ಥೆ ಇಟ್ಟುಕೊಂಡಿರುವ ಮಟ್ಟ. ಆರನೇ ತರಗತಿಯ ಸುಮಾರು ಅರ್ಧದಷ್ಟು ಮಕ್ಕಳು ಅದನ್ನು ಮುಟ್ಟುತ್ತಿಲ್ಲ ಎಂದು 2025ರಲ್ಲಿ ಆ ಸಂಸ್ಥೆಯೇ ಎಚ್ಚರಿಸಿತು. ಅಂದರೆ ಚಿನ್ನ ಬೆಳೆಯುವ ಹೊಲವೇ ಸೊರಗುತ್ತಿದೆ.

ಇದರಲ್ಲಿ ನಮ್ಮ ಪಾಲೂ ಇದೆ. ಸೆಲೆಕ್ಟಿವ್ ಶಾಲೆಯ ಪರೀಕ್ಷೆ ಹತ್ತಿರ ಬಂದಂತೆ ನಾವು ಮೊದಲು ನಿಲ್ಲಿಸುವುದು ಈಜಿನ ಪಾಠವನ್ನೇ. ಶುಲ್ಕ ದುಬಾರಿ, ನಿಜ. ಆದರೆ ಟ್ಯೂಷನ್‌ಗೆ ಒದಗುವ ಹಣ ಮತ್ತು ಸಮಯ ಇದಕ್ಕೂ ಒದಗಬೇಡವೇ? ಗಣಿತದಲ್ಲಿ ಎರಡು ಅಂಕ ಕಡಿಮೆಯಾದರೆ ಮುಂದಿನ ಸಲ ತೆಗೆಯಬಹುದು. ನೀರು ಎರಡನೇ ಅವಕಾಶ ಕೊಡುವುದಿಲ್ಲ.

ಬಂಧುಗಳೇ, ಮುಂದಿನ ಕೂಟದಲ್ಲೂ ಒಟ್ಟಿಗೆ ಕೂತು ಕೂಗಾಡೋಣ. ಆದರೆ ಅದಕ್ಕೆ ಮೊದಲು ಮಕ್ಕಳ ಜೊತೆ ನಾವೂ ಕೊಳದ ಪಾಠಕ್ಕೆ ಹೆಸರು ಕೊಡೋಣ. ಬೀಚಿಗೆ ಹೋದಾಗ ಕೆಂಪು-ಹಳದಿ ಬಾವುಟಗಳ ನಡುವೆಯೇ ನೀರಿಗಿಳಿಯೋಣ, ಊರಿನಿಂದ ಬಂದ ಅತಿಥಿಗಳಿಗೂ ಇದನ್ನು ತಿಳಿಹೇಳೋಣ. ನಮ್ಮ ಮಕ್ಕಳು ಪದಕ ತರದಿದ್ದರೂ ಚಿಂತೆಯಿಲ್ಲ, ದಡ ಸೇರುವುದನ್ನು ಕಲಿತರೆ ಸಾಕು.