ಊರವರ ಹೊಲದ ಪೈರು, ಒಬ್ಬನ ಕಣಜ

ಎಐ ಚಿತ್ರಗಳ ಮಾರಾಟವನ್ನು ಟೀಕಿಸಿದಾಗಲೆಲ್ಲ ಒಂದು ಉತ್ತರ ತಪ್ಪದೆ ಬರುತ್ತದೆ: 'ಇನ್ನೊಬ್ಬರಿಂದ ಕಲಿಯದೆ ಯಾರು ಕಲಾವಿದರಾಗಿದ್ದಾರೆ? ಪಂಪ, ಕುಮಾರವ್ಯಾಸರು ವ್ಯಾಸನಿಂದ ತೆಗೆದುಕೊಳ್ಳಲಿಲ್ಲವೆ?' ಸಾಹಿತ್ಯದ ವಿದ್ಯಾರ್ಥಿಗಳೇ ಹೀಗೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಪಂಪನ ವಿಚಾರಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಅಮೆರಿಕದ ಒಂದು ಪ್ರಕರಣ ನೋಡೋಣ.

2022ರ ಆಗಸ್ಟಿನಲ್ಲಿ ಕೊಲರಾಡೊ ರಾಜ್ಯದ ವಾರ್ಷಿಕ ಮೇಳದಲ್ಲಿ, ಡಿಜಿಟಲ್ ಕಲೆಯ ವಿಭಾಗದಲ್ಲಿ, ಜೇಸನ್ ಅಲೆನ್ ಎಂಬವರ ಚಿತ್ರಕ್ಕೆ ಮೊದಲ ಬಹುಮಾನ ಬಂತು. ಮೊತ್ತ 300 ಡಾಲರ್. ಮಿಡ್‌ಜರ್ನಿ ಎಂಬ ಎಐಗೆ ಪ್ರಾಂಪ್ಟ್ ಕೊಟ್ಟು, ಬಂದದ್ದನ್ನು ತಿದ್ದಿ ತೀಡಿ ಮಾಡಿದ ಚಿತ್ರವದು. ಅಲೆನ್ ಇದನ್ನು ಮುಚ್ಚಿಟ್ಟಿರಲಿಲ್ಲ. ತಮ್ಮ ಹೆಸರಿನ ಜೊತೆಗೆ ಮಿಡ್‌ಜರ್ನಿಯ ಹೆಸರನ್ನೂ ಕೊಟ್ಟಿದ್ದರು. ಅಷ್ಟರ ಮಟ್ಟಿಗೆ ಅವರನ್ನು ಮೆಚ್ಚಲೇಬೇಕು. ಆದರೆ ಆ ಯಂತ್ರ ಯಾರ ಯಾರ ಚಿತ್ರಗಳನ್ನು ಉಂಡು ಬೆಳೆದಿತ್ತು ಎಂಬುದು ಅಲ್ಲಿರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ.

ಮುಂದಿನದು ಇನ್ನೂ ಸ್ವಾರಸ್ಯಕರ. ಅಲೆನ್ ಆ ಚಿತ್ರಕ್ಕೆ ಕಾಪಿರೈಟ್ ಕೇಳಿದರು. ಯಂತ್ರ ಮಾಡಿದ ಭಾಗವನ್ನು ಬಿಟ್ಟು ಉಳಿದದ್ದಕ್ಕೆ ಕೇಳಿ ಎಂದಿತು ಅಮೆರಿಕದ ಕಾಪಿರೈಟ್ ಕಚೇರಿ. ಅವರು ಒಪ್ಪಲಿಲ್ಲ. ಕನಿಷ್ಠ 624 ಸಲ ಪ್ರಾಂಪ್ಟ್ ತಿದ್ದಿದ್ದೇನೆ, ಇದು ನನ್ನ ಶ್ರಮ ಎಂದರು. 2023ರ ಸೆಪ್ಟೆಂಬರಿನಲ್ಲಿ ಅರ್ಜಿ ಕೊನೆಯದಾಗಿ ತಿರಸ್ಕೃತವಾಯಿತು. ಮರುವರ್ಷ ಅವರು ನ್ಯಾಯಾಲಯಕ್ಕೆ ಹೋದರು. ಕಾಪಿರೈಟ್ ಇಲ್ಲದ್ದರಿಂದ ತಮ್ಮ ಚಿತ್ರವನ್ನು ಜನ ಕೇಳದೆ, ಕಾಸು ಕೊಡದೆ ಬಳಸಿಕೊಳ್ಳುತ್ತಿದ್ದಾರೆ ಎಂಬುದು ಅವರ ದೂರು.

ಈ ಸಂಕಟ ಸುಳ್ಳಲ್ಲ. ಆದರೆ ಅದನ್ನು ಅವರಿಗಿಂತ ಮೊದಲು ಅನುಭವಿಸಿದವರಿದ್ದಾರೆ. ಪೋಲೆಂಡಿನ ಗ್ರೆಗ್ ರುಟ್ಕೋವ್‌ಸ್ಕಿ ಡ್ರ್ಯಾಗನ್ನುಗಳನ್ನು, ಯುದ್ಧಗಳನ್ನು, ಮಂಜು ಕವಿದ ಕೋಟೆಗಳನ್ನು ಬಿಡಿಸುವ ಚಿತ್ರಕಾರ. 2022ರ ಹೊತ್ತಿಗೆ ಅವರ ಹೆಸರೇ ಒಂದು ಪ್ರಾಂಪ್ಟ್ ಆಗಿಹೋಗಿತ್ತು. ಸಾವಿರಾರು ಜನ ಅದನ್ನು ಟೈಪು ಮಾಡಿ ಅವರ ಶೈಲಿಯನ್ನು ಪಡೆಯುತ್ತಿದ್ದರು. ಅವರ ಹೆಸರು ಹುಡುಕಿದರೆ ಅವರು ಬರೆಯದ ಚಿತ್ರಗಳೇ ಬರತೊಡಗಿದವು. ಅವರಿಗೆ ಸಂದದ್ದು ಒಂದು ಕಾಸೂ ಇಲ್ಲ. 2023ರ ಜನವರಿಯಲ್ಲಿ ಸಾರಾ ಆಂಡರ್ಸನ್, ಕೆಲ್ಲಿ ಮೆಕರ್ನನ್, ಕಾರ್ಲಾ ಒರ್ಟಿಜ್ ಎಂಬ ಮೂವರು ಕಲಾವಿದರು ಮಿಡ್‌ಜರ್ನಿ ಮತ್ತಿತರ ಕಂಪನಿಗಳ ಮೇಲೆ ಹೂಡಿದ ಮೊಕದ್ದಮೆಯ ದೂರೂ ಇದೇ: ಕೇಳದೆ ತೆಗೆದುಕೊಂಡಿರಿ.

ಕೇಳಲು ಆಗುತ್ತಿರಲಿಲ್ಲವೆ? ಹತ್ತು ಕೋಟಿ ಚಿತ್ರಗಳನ್ನು ತಂದಾಗ ಯಾವುದು ಎಲ್ಲಿಂದ ಬಂತೆಂದು ತಿಳಿಯಲು ದಾರಿಯೇ ಇಲ್ಲವೆಂದು ಮಿಡ್‌ಜರ್ನಿಯ ಸ್ಥಾಪಕ ಡೇವಿಡ್ ಹೋಲ್ಜ್ 2022ರಲ್ಲಿ ಹೇಳಿದ್ದರು. ಈ ಮಾತು ನನಗೆ ಅರಗುವುದಿಲ್ಲ. ಸ್ಟೇಬಲ್ ಡಿಫ್ಯೂಷನ್ ಎಂಬ ಇನ್ನೊಂದು ಯಂತ್ರವನ್ನು ಪಳಗಿಸಿದ್ದು ಲಯಾನ್-5ಬಿ ಎಂಬ ಸಂಗ್ರಹದಿಂದ ಆಯ್ದ ಚಿತ್ರಗಳ ಮೇಲೆ. ಆ ಸಂಗ್ರಹದಲ್ಲಿರುವುದು ಸುಮಾರು 585 ಕೋಟಿ ಚಿತ್ರಗಳ ಅಂತರ್ಜಾಲ ವಿಳಾಸಗಳು ಮತ್ತು ಅವುಗಳ ವಿವರಣೆ. ವಿಳಾಸಗಳ ಪಟ್ಟಿ! ಚಿತ್ರವನ್ನು ಹೊತ್ತು ತರಲು ಮನೆ ಗೊತ್ತಿತ್ತು, ಬಾಗಿಲು ತಟ್ಟಿ ಕೇಳಲು ಮಾತ್ರ ಗೊತ್ತಾಗಲಿಲ್ಲ.

ಈಗ ಪಂಪ. ವ್ಯಾಸನ ಮುಂದೆ ತಾನೆಷ್ಟರವನು ಎಂಬುದನ್ನು ಅವನು ಕಾವ್ಯದ ಆರಂಭದಲ್ಲೇ ಹೇಳಿಕೊಂಡ. ಗದುಗಿನ ನಾರಣಪ್ಪನಂತೂ ತನ್ನ ಹೆಸರನ್ನೇ ಬದಿಗಿಟ್ಟು ವ್ಯಾಸನ ಮಗನೆಂದು ಕರೆದುಕೊಂಡ. ಬಿ.ಎಂ.ಶ್ರೀ. ತಮ್ಮ ಸಂಗ್ರಹಕ್ಕೆ 'ಇಂಗ್ಲಿಷ್ ಗೀತಗಳು' ಎಂದು ಹೆಸರಿಟ್ಟು ಸಾಲವನ್ನು ಮುಖಪುಟದ ಮೇಲೇ ಬರೆದರು. ಕೃತಿಚೌರ್ಯ ನಮ್ಮಲ್ಲೂ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಅದನ್ನು ಯಾರೂ ಪರಂಪರೆ ಎಂದು ಕರೆಯಲಿಲ್ಲ. ಪಂಪನನ್ನು ಎಐ ವ್ಯಾಪಾರಕ್ಕೆ ಸಾಕ್ಷಿಯಾಗಿ ಎಳೆದು ತರುವವರು ಅವನ ಮೊದಲ ಆಶ್ವಾಸವನ್ನಾದರೂ ಓದಿಬರಲಿ.

ಮನೆಯಲ್ಲಿ ಕೂತು ಮಗುವಿನ ಹುಟ್ಟುಹಬ್ಬಕ್ಕೆ ಒಂದು ಚಿತ್ರ ಮಾಡಿಕೊಳ್ಳುವವರ ಮೇಲೆ ನನ್ನ ತಕರಾರಿಲ್ಲ. ಬೆಲೆಚೀಟಿ ಅಂಟಿದ ಕ್ಷಣದಿಂದ ತಕರಾರು ಶುರು. ಅದೇ ಪ್ರಾಂಪ್ಟಿನಿಂದ ಮಾಡಿದ ಪೋಸ್ಟರು, ಟೀ ಶರ್ಟು, ಮಕ್ಕಳ ಬಣ್ಣದ ಪುಸ್ತಕ ಆನ್‌ಲೈನ್ ಅಂಗಡಿಗೆ ಬಂದಾಗ, ಅವು ಪೈಪೋಟಿಗಿಳಿಯುವುದು ಯಾರ ಕೈಕೆಲಸದಿಂದ ಯಂತ್ರ ಕಲಿಯಿತೋ ಅವರ ಜೊತೆಗೇ. ತಿಂಗಳುಗಟ್ಟಲೆ ಕೂತು ಬರೆದ ಒಂದು ಚಿತ್ರದ ಪಕ್ಕದಲ್ಲಿ ಒಂದು ಸಂಜೆಯಲ್ಲಿ ಹುಟ್ಟಿದ ನೂರು ಚಿತ್ರಗಳು, ಅರ್ಧ ಬೆಲೆಗೆ.

ಅಲೆನ್ ಮೊಕದ್ದಮೆ ಗೆದ್ದರೆ ನನಗೆ ಹೊಟ್ಟೆಕಿಚ್ಚಿಲ್ಲ. 624 ಪ್ರಾಂಪ್ಟುಗಳಿಗೆ ಹಕ್ಕು ಕೊಡಲಿ. ಆದರೆ ಆ ಹಕ್ಕಿನ ಹಣ ಬಂದಾಗ ರುಟ್ಕೋವ್‌ಸ್ಕಿಯಂಥವರ ಪಾಲು ಎಷ್ಟು ಎಂಬ ಪ್ರಶ್ನೆಯನ್ನೂ ಅದೇ ನ್ಯಾಯಾಧೀಶರ ಮುಂದಿಡಲು ಅವರು ತಯಾರಿದ್ದಾರೆಯೆ?